ಮಹಾಲಯದ ಎಡೆ, ಬೀದಿ ಹಸುವಿನ ಸಾವು: ತಪ್ಪು ನಮ್ಮದಾ?

ಪ್ರಶ್ನೆ: ನಾವು ಮೈಸೂರಿನವರು. ಐದಾರು ವರ್ಷದಿಂದ ದಿನಾ ಬೆಳಿಗ್ಗೆ ಏಳು ಗಂಟೆಗೆ ಒಂದು ಬಿಳಿ ಹಸು ನಮ್ಮ ಗೇಟಿನ ಹತ್ತಿರ ಬಂದು ನಿಲ್ಲುತ್ತಿತ್ತು. ನನ್ನ ಅತ್ತೆ ಅದಕ್ಕೆ ಲಕ್ಷ್ಮಿ ಅಂತ ಹೆಸರಿಟ್ಟಿದ್ದರು. ಅವರಿಗೆ 74 ವರ್ಷ. ಮೊದಲ ದೋಸೆ, ಮೊದಲ ಚಪಾತಿ ಅದಕ್ಕೇ. ಈ ಸಲ ಮಹಾಲಯ ಅಮಾವಾಸ್ಯೆಯ ದಿನ ಎಡೆ ಇಟ್ಟ ಮೇಲೆ ಅನ್ನ, ಪಾಯಸ, ವಡೆ ಎಲ್ಲ ಸೇರಿಸಿ ಸಣ್ಣ ಬಕೆಟ್‌ನಲ್ಲಿ ಇಟ್ಟೆವು. ಪೂರ್ತಿ ತಿಂದಿತು. ಮರುದಿನ ಬರಲಿಲ್ಲ. ಸಂಜೆ ನೋಡಿದರೆ ಮೂಲೆಯ ಟ್ರಾನ್ಸ್‌ಫಾರ್ಮರ್ ಹತ್ತಿರ ಮಲಗಿತ್ತು. ಹೊಟ್ಟೆ ಉಬ್ಬಿತ್ತು, ಸಗಣಿ ನೀರಾಗಿತ್ತು, ಹುಳಿ ವಾಸನೆ. ಡಾಕ್ಟರು ಬಂದು ಡ್ರಿಪ್ ಹಾಕಿದರು. ಮೂರನೇ ದಿನ ಬೆಳಗಿನ ಜಾವ ಸತ್ತುಹೋಯಿತು. ಪಕ್ಕದ ಮನೆಯವರು ಪ್ಲಾಸ್ಟಿಕ್ ತಿಂದು ಸತ್ತಿದೆ ಅನ್ನುತ್ತಾರೆ. ನಮ್ಮ ಯಜಮಾನರು "ಹಸುವಿಗೆ ನಾಲ್ಕು ಹೊಟ್ಟೆ, ಅನ್ನ ತಿಂದು ಯಾರಾದ್ರೂ ಸಾಯ್ತಾರಾ" ಅನ್ನುತ್ತಾರೆ. ಅತ್ತೆ ಮಾತ್ರ ಗೋಹತ್ಯೆಯ ದೋಷ ಬಂತು ಅಂತ ಕೊರಗುತ್ತಿದ್ದಾರೆ, ರಾತ್ರಿ ಊಟ ಬಿಟ್ಟಿದ್ದಾರೆ. ಈಗ ಇನ್ನೊಂದು ಹಸು, ಕರುವಿನ ಜೊತೆ, ಬರಲು ಶುರು ಮಾಡಿದೆ. ಕೊಡಬೇಕಾ, ಬೇಡವಾ? ಪಾಲಿಕೆಗೆ ತಿಳಿಸೋಣ ಅಂದರೆ ಕಸಾಯಿಖಾನೆಗೆ ಹೋಗುತ್ತೆ ಅಂತ ಕೆಲವರು ಹೆದರಿಸುತ್ತಾರೆ.

ಉತ್ತರ: ನೀವು ಸುತ್ತಿ ಬಳಸಿ ಕೇಳಿರುವುದು ಒಂದೇ ಮಾತು: ಲಕ್ಷ್ಮಿಯನ್ನು ನಾವೇ ಕೊಂದೆವಾ? ಅದಕ್ಕೇ ಮೊದಲು ಉತ್ತರ ಹೇಳುತ್ತೇನೆ.

ನೀವು ಬರೆದ ಲಕ್ಷಣ ನೋಡಿದರೆ ಅನ್ನವೇ ಕಾರಣ ಇರುವ ಸಾಧ್ಯತೆ ಜಾಸ್ತಿ. ಒಂದು ದಿನದೊಳಗೆ ಮಲಗಿದ್ದು, ಹುಳಿ ವಾಸನೆಯ ತೆಳ್ಳನೆ ಸಗಣಿ, ಮೂರನೇ ದಿನಕ್ಕೆ ಸಾವು. ನಾನು ಪಶುವೈದ್ಯನಾಗಿ ಮೂವತ್ತೊಂದು ವರ್ಷ ಕೆಲಸ ಮಾಡಿದ್ದೇನೆ. ಹಬ್ಬದ ಮರುದಿನ ಬರುವ ಈ ಕಾಯಿಲೆ ನಮಗೆಲ್ಲ ಹಳೆಯ ಪರಿಚಯ. ಯುಗಾದಿ, ಗೌರಿ ಗಣೇಶ, ಮಹಾಲಯ, ಮದುವೆ ಸೀಸನ್ನು. ಕ್ಯಾಲೆಂಡರ್ ನೋಡಿ ಔಷಧದ ಬಾಟಲಿ ತುಂಬಿಸಿಟ್ಟುಕೊಳ್ಳುತ್ತಿದ್ದೆವು. ಹೊಟ್ಟೆ ಕೊಯ್ದು ನೋಡದೆ ಖಚಿತವಾಗಿ ಹೇಳಲು ಬರುವುದಿಲ್ಲ, ಅದು ಬೇರೆ. ಆದರೆ ಸುಳ್ಳು ಸಮಾಧಾನ ಹೇಳಿದರೆ ಈಗ ಬರುತ್ತಿರುವ ಹಸುವಿಗೂ ಅದೇ ಗತಿ.

ಇನ್ನೊಂದು ಮಾತು. ನಿಮ್ಮ ರಸ್ತೆಯಲ್ಲಿ ಎಷ್ಟು ಮನೆ ಇವೆ? ಅವತ್ತು ಎಷ್ಟು ಮನೆಯಲ್ಲಿ ಎಡೆ ಇಟ್ಟಿದ್ದರು? ಇಪ್ಪತ್ತು ಮನೆಯವರು ತಲಾ ಒಂದು ಕೆಜಿ ಅನ್ನ ಇಟ್ಟಿದ್ದರೂ ಇಪ್ಪತ್ತು ಕೆಜಿ ಆಯಿತು. ಪಾಯಸ, ಹೋಳಿಗೆ ಲೆಕ್ಕ ಬೇರೆ. ಅಷ್ಟೂ ಮನೆಯವರು ಮನಸ್ಸಿನಲ್ಲಿ ಒಂದೇ ಅಂದುಕೊಂಡಿರುತ್ತಾರೆ: ನಾವು ಕೊಟ್ಟಿದ್ದು ಸ್ವಲ್ಪವೇ.

ಗೋಗ್ರಾಸ ಅನ್ನುವ ಮಾತಿನಲ್ಲೇ ಇದೆ, ಗ್ರಾಸ ಅಂದರೆ ತುತ್ತು. ಹಳ್ಳಿಯಲ್ಲಿ ಮನೆಗೊಂದು ಹಸು, ಹಸುವಿಗೊಂದು ತುತ್ತು. ನಗರದಲ್ಲಿ ತುತ್ತು ಕೊಡುವ ಮನೆ ಹೆಚ್ಚಾದವು, ಹಸು ಕಡಿಮೆಯಾದವು. ಹಾಗಾಗಿ ಲಕ್ಷ್ಮಿ ಸತ್ತದ್ದು ನಿಮ್ಮೊಂದು ಬಕೆಟ್‌ನಿಂದ ಅಂತ ನನಗೆ ಅನಿಸುವುದಿಲ್ಲ. ಇಡೀ ರಸ್ತೆಯ ಭಕ್ತಿ ಒಂದೇ ಹೊಟ್ಟೆಗೆ ಹೋಯಿತು.

ಅನ್ನ ತಿಂದು ಹಸು ಸಾಯುತ್ತಾ?

ಸಾಯುತ್ತದೆ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ನಿಮ್ಮ ಯಜಮಾನರಿಗೂ ಓದಿಸಿ.

ಹಸುವಿಗೆ ಇರುವುದು ನಾಲ್ಕು ಹೊಟ್ಟೆಯಲ್ಲ, ನಾಲ್ಕು ಕೋಣೆಯ ಒಂದು ಹೊಟ್ಟೆ. ಕೊನೆಯ ಕೋಣೆ ಮಾತ್ರ ನಮ್ಮ ಹೊಟ್ಟೆಯ ಥರ ಕೆಲಸ ಮಾಡುತ್ತದೆ. ಮೊದಲನೆಯದು ದೊಡ್ಡದು, ರೂಮೆನ್ ಅನ್ನುತ್ತೇವೆ. ದೊಡ್ಡ ಹಸುವಿನಲ್ಲಿ ಅದು ನೂರು ಲೀಟರಿಗೂ ಜಾಸ್ತಿ ಹಿಡಿಯುವ ಚೀಲ. ಅಲ್ಲಿ ಜೀರ್ಣ ಮಾಡುವುದು ಹಸು ಅಲ್ಲ, ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು. ಹುಲ್ಲನ್ನು ಕೊಳೆಸಿ ಹಸುವಿಗೆ ಬೇಕಾದ ಶಕ್ತಿ ಮಾಡಿಕೊಡುವುದು ಅವುಗಳ ಕೆಲಸ. ನಿಧಾನದ ಕೆಲಸ.

ಹುಲ್ಲು ತಿಂದ ಹಸು ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುತ್ತದೆ. ಮೆಲುಕು ಹಾಕಿದಷ್ಟೂ ಜೊಲ್ಲು ಬರುತ್ತದೆ. ಆ ಜೊಲ್ಲಿನಲ್ಲಿ ನಮ್ಮ ಅಡುಗೆ ಸೋಡಾದಲ್ಲಿರುವ ಅಂಶವೇ ಇದೆ. ಚೀಲದೊಳಗೆ ಹುಳಿ ಹುಟ್ಟಿದ ಹಾಗೆಲ್ಲ ಅದು ತಗ್ಗಿಸುತ್ತಾ ಹೋಗುತ್ತದೆ. ಹುಳಿ ಅಳೆಯುವ ಪಿಎಚ್ ಲೆಕ್ಕದಲ್ಲಿ (ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ಹೇಳಿದರೆ 6ರಿಂದ 7ರ ನಡುವೆ ಇರುತ್ತದೆ. ಅಲ್ಲಿ ಇರುವ ತನಕ ಎಲ್ಲ ಸರಿ.

ಈಗ ಅನ್ನ ಹಾಕಿ ನೋಡಿ. ಬೆಂದ ಅನ್ನ ಮೆಲುಕಿಗೆ ಬರುವುದಿಲ್ಲ, ಹಾಗೇ ಒಳಗೆ ಜಾರುತ್ತದೆ. ಜೊಲ್ಲೂ ಬರುವುದಿಲ್ಲ. ಅನ್ನದ ಪಿಷ್ಟ, ಪಾಯಸದ ಬೆಲ್ಲ ಎರಡೂ ಬಲು ಬೇಗ ಹುಳಿಯಾಗುವ ವಸ್ತು. ಇಡ್ಲಿ ಹಿಟ್ಟು ರುಬ್ಬಿ ಬೆಚ್ಚಗಿನ ಜಾಗದಲ್ಲಿಟ್ಟರೆ ಬೆಳಿಗ್ಗೆ ಪಾತ್ರೆಯಿಂದ ಉಕ್ಕಿರುತ್ತೆ ಅಲ್ವಾ? ಹಸುವಿನ ಹೊಟ್ಟೆ ಇಡ್ಲಿ ಹಿಟ್ಟಿಗೆ ಸಿಗಬಹುದಾದ ಎಲ್ಲಕ್ಕಿಂತ ಬೆಚ್ಚಗಿನ ಜಾಗ. ಹುಳಿ ಮಾಡುವ ಜೀವಿಗಳು ಕೆಲವೇ ಗಂಟೆಯಲ್ಲಿ ಎದ್ದು, ಹುಲ್ಲು ಜೀರ್ಣಿಸುವ ಜೀವಿಗಳನ್ನು ಕೊಂದುಹಾಕುತ್ತವೆ. ಪಿಎಚ್ 5ಕ್ಕಿಂತ ಕೆಳಗೆ ಇಳಿಯುತ್ತದೆ. ಹೊಟ್ಟೆಯ ಚಲನೆ ನಿಲ್ಲುತ್ತದೆ. ಆ ಹುಳಿ ದೇಹದ ನೀರನ್ನೆಲ್ಲ ರಕ್ತದಿಂದ ಹೊಟ್ಟೆಗೆ ಎಳೆದುಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಹೊಟ್ಟೆ ತುಂಬಿ ಗುಳುಗುಳು ಅನ್ನುತ್ತಿರುತ್ತದೆ, ಕಣ್ಣು ಮಾತ್ರ ಒಳಗೆ ಹೋಗಿರುತ್ತದೆ. ಹಸು ಕುಡಿದವರ ಹಾಗೆ ತೂರಾಡಿ ಮಲಗಿಬಿಡುತ್ತದೆ, ತಲೆ ಹೊಟ್ಟೆಯ ಕಡೆ ತಿರುಗಿಸಿಕೊಂಡು.

ಬದುಕಿ ಉಳಿದರೂ ಕೆಲವು ಹಸುಗಳಿಗೆ ಗೊರಸು ನೋವು ಶುರುವಾಗುತ್ತದೆ. ತಿಂಗಳಾದ ಮೇಲೆ ಕುಂಟುತ್ತದೆ. ಯಾಕೆ ಕುಂಟುತ್ತದೆ ಅಂತ ಯಾರಿಗೂ ಹೊಳೆಯುವುದಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕಲ್ಯಾಣ ಮಂಟಪದ ಹಿಂದೆ ಒಂದೇ ದಿನ ನಾಲ್ಕು ಹಸು ಬಿದ್ದಿದ್ದವು. ಮಿಕ್ಕ ಅನ್ನವನ್ನು ಪಾಪ ದನಗಳಿಗಾದರೂ ಆಗಲಿ ಅಂತ ಅಡುಗೆಯವರು ಹಿಂದಿನ ಖಾಲಿ ಸೈಟಿನಲ್ಲಿ ಸುರಿದಿದ್ದರು. ಎರಡನ್ನು ಉಳಿಸಿದೆವು. ಒಂದರ ಹೊಟ್ಟೆ ತೆರೆದಾಗ ಒಳಗಿದ್ದದ್ದು ಬೆಳ್ಳನೆ ಗಂಜಿ, ಮೂಗಿಗೆ ಬಡಿಯುವ ಹುಳಿ. ಆ ವಾಸನೆ ಇವತ್ತಿಗೂ ಮರೆತಿಲ್ಲ. ಕೆಲವು ವಾರ ಮನೆಯಲ್ಲಿ ದೋಸೆ ಬೇಡ ಅಂದಿದ್ದೆ.

ನಿಮ್ಮ ಅತ್ತೆ ಕೇಳಬಹುದು: "ನಮ್ಮೂರಲ್ಲಿ ದಿನಾ ಕಲಗಚ್ಚು ಕೊಡ್ತಿದ್ವಲ್ಲ, ಏನೂ ಆಗ್ತಿರಲಿಲ್ಲ." ನಿಜ, ಆಗುತ್ತಿರಲಿಲ್ಲ. ಕಲಗಚ್ಚು ಅಂದರೆ ಅಕ್ಕಿ ತೊಳೆದ ನೀರು, ಪಾತ್ರೆ ಬಳಿದ ನಾಲ್ಕು ಅಗುಳು, ಮೇಲೆ ಒಂದು ಹಿಡಿ ತವುಡು. ಮುಕ್ಕಾಲು ಭಾಗ ನೀರೇ. ಅದನ್ನು ಕುಡಿಯುತ್ತಿದ್ದ ಹಸು ದಿನವಿಡೀ ಮೇದು, ರಾತ್ರಿ ಕೊಟ್ಟಿಗೆಯಲ್ಲಿ ರಾಗಿ ಹುಲ್ಲು ತಿಂದು, ಮೆಲುಕು ಹಾಕುತ್ತಾ ಮಲಗುತ್ತಿತ್ತು. ಬೀದಿ ಹಸುವಿಗೆ ಹುಲ್ಲೇ ಇಲ್ಲ. ಬರೀ ಎಡೆ ಸಿಗುತ್ತದೆ. ಅದೇ ವ್ಯತ್ಯಾಸ.

ಹಾಗಾದರೆ ಪ್ಲಾಸ್ಟಿಕ್?

ಪಕ್ಕದ ಮನೆಯವರ ಮಾತು ಪೂರ್ತಿ ತಪ್ಪಲ್ಲ. ಐದಾರು ವರ್ಷ ಬೀದಿಯಲ್ಲಿ ಮೇದ ಹಸುವಿನ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಇಲ್ಲದಿದ್ದರೇ ಆಶ್ಚರ್ಯ. ಆದರೆ ಪ್ಲಾಸ್ಟಿಕ್ ಹೀಗೆ ಒಂದು ದಿನದಲ್ಲಿ ಮಲಗಿಸುವುದು ಕಡಿಮೆ. ಅದು ತಿಂಗಳುಗಟ್ಟಲೆ ಕೊಲ್ಲುತ್ತದೆ. ಹಸು ಸೊರಗುತ್ತದೆ, ಹೊಟ್ಟೆ ಮಾತ್ರ ದೊಡ್ಡದಾಗಿ ಕಾಣುತ್ತದೆ, ಆಗಾಗ ಉಬ್ಬರ ಬರುತ್ತದೆ. ಜನ ನೋಡಿ ಗಬ್ಬ ಇರಬೇಕು ಅಂತ ಖುಷಿಪಡುತ್ತಾರೆ.

ಹಸು ಯಾಕೆ ಪ್ಲಾಸ್ಟಿಕ್ ತಿನ್ನುತ್ತೆ ಅಂತ ತುಂಬಾ ಜನ ಕೇಳುತ್ತಾರೆ. ಅದು ಪ್ಲಾಸ್ಟಿಕ್ ತಿನ್ನಲು ಹೋಗಿರುವುದಿಲ್ಲ. ನೀವು ಗಂಟು ಹಾಕಿ ಎಸೆದ ಕವರ್‌ನೊಳಗೆ ಸಾಂಬಾರಿನ ಉಪ್ಪಿನ ವಾಸನೆ ಇದೆ. ಹಸುವಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ, ನಮ್ಮ ಹಾಗೆ ಬಿಡಿಸಿ ಆರಿಸಿ ತಿನ್ನಲು ಬರುವುದಿಲ್ಲ. ನಾಲಿಗೆ ಸುತ್ತಿ ಎಳೆದು ನುಂಗುತ್ತದೆ, ಆಮೇಲೆ ನಿಧಾನವಾಗಿ ಮೆಲುಕು. ಕವರ್ ಒಳಗೇ ಉಳಿಯುತ್ತದೆ. ಮೇವು ಸಾಲದ ಹಸುವಿಗೆ ಖನಿಜದ ಕೊರತೆ ಬೇರೆ ಇರುತ್ತದೆ, ಸಿಕ್ಕಿದ್ದನ್ನೆಲ್ಲ ನೆಕ್ಕುವ ಚಟ ಬರುತ್ತದೆ. ಗೋಡೆಯ ಸಿನಿಮಾ ಪೋಸ್ಟರ್ ತಿನ್ನುವುದು ನೋಡಿದ್ದೀರಲ್ಲ, ಅದರ ಆಸೆ ಕಾಗದದ ಮೇಲಲ್ಲ, ಹಿಂದೆ ಬಳಿದ ಮೈದಾ ಅಂಟಿನ ಮೇಲೆ.

2019ರಲ್ಲಿ ಚೆನ್ನೈನ ಸರ್ಕಾರಿ ಪಶುವೈದ್ಯ ಕಾಲೇಜಿನಲ್ಲಿ ಒಂದು ಹಸುವಿನ ಹೊಟ್ಟೆಯಿಂದ 52 ಕೆಜಿ ಪ್ಲಾಸ್ಟಿಕ್ ತೆಗೆದರು. ಅದು ಹಾಲು ಕೊಡುತ್ತಿದ್ದ ಹಸು. 52 ಕೆಜಿ ಅಂದರೆ ಒಂದು ಅಕ್ಕಿ ಮೂಟೆ. ನಮ್ಮ ಗಡಿಯಾಚೆ ಪುಟ್ಟಪರ್ತಿಯ ಕರುಣಾ ಸೊಸೈಟಿಯವರು ಇಂಥ ಆಪರೇಷನ್ ಮಾಡಿ ಮಾಡಿ ಸಾಕಾಗಿ 2012ರಲ್ಲಿ ಸುಪ್ರೀಂ ಕೋರ್ಟಿಗೇ ಹೋದರು. ಕರ್ನಾಟಕ 2016ರಲ್ಲಿ ಪ್ಲಾಸ್ಟಿಕ್ ಕವರ್ ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶಕ್ಕೆಲ್ಲ ನಿಷೇಧ ಬಂತು. ಹೂವಿನ ಅಂಗಡಿಯವರು ಇವತ್ತಿಗೂ ಮಲ್ಲಿಗೆಯನ್ನು ಕವರಿನಲ್ಲೇ ಕೊಡುತ್ತಾರೆ, ಬಿಡಿ.

ಪ್ಲಾಸ್ಟಿಕ್ ಇದ್ದ ಹೊಟ್ಟೆಗೆ ಅನ್ನ ಬಿದ್ದರೆ ಕಷ್ಟ ಇನ್ನೂ ಜಾಸ್ತಿ. ಜಾಗ ಕಡಿಮೆ, ಚಲನೆ ಕಡಿಮೆ, ಗಾಳಿ ಹೊರಗೆ ಬರಲು ದಾರಿಯಿಲ್ಲ. ಲಕ್ಷ್ಮಿಯ ವಿಷಯದಲ್ಲಿ ಬಹುಶಃ ಎರಡೂ ಸೇರಿತ್ತು. ಡ್ರಿಪ್ ಹಾಕಿದರೂ ಚೇತರಿಸಿಕೊಳ್ಳದೆ ಇದ್ದದ್ದಕ್ಕೆ ಅದೂ ಒಂದು ಕಾರಣ ಇರಬಹುದು. ನಿಮ್ಮ ಡಾಕ್ಟರದು ತಪ್ಪಿಲ್ಲ. ಅವರು ಬರುವ ಹೊತ್ತಿಗೆ ಒಂದಿಡೀ ದಿನ ಕಳೆದಿತ್ತು.

ಹೊಟ್ಟೆಗೆ ಹೋಗುವುದು ಕವರ್ ಒಂದೇ ಅಲ್ಲ. ಮೊಳೆ, ತಂತಿ, ಸೂಜಿ ಹೋದರೆ ಎರಡನೇ ಕೋಣೆಯಲ್ಲಿ ಕೂರುತ್ತವೆ. ಅಲ್ಲಿಂದ ಹೃದಯಕ್ಕೆ ಕೆಲವೇ ಸೆಂಟಿಮೀಟರ್ ದೂರ. ಹೂವಿನ ಹಾರ ಕಟ್ಟುವಾಗ ತಂತಿ ಬಳಸುವವರಿಗೆ ಇದನ್ನು ಹೇಳಿ. 2021ರ ದೀಪಾವಳಿಯಲ್ಲಿ ಶಿರಸಿ ತಾಲ್ಲೂಕಿನ ಒಂದು ಮನೆಯಲ್ಲಿ ಗೋಪೂಜೆಗೆ ಇಟ್ಟ ಸುಮಾರು 20 ಗ್ರಾಂ ಚಿನ್ನದ ಸರವನ್ನು ಹಸು ಹಾರದ ಜೊತೆ ನುಂಗಿತ್ತು. ಮನೆಯವರು ದಿನಾ ಸಗಣಿ ಕೆದಕಿ ನೋಡಿದರು. ಕೊನೆಗೆ ಆಪರೇಷನ್ ಮಾಡಿಯೇ ತೆಗೆಯಬೇಕಾಯಿತು. ಚಿನ್ನವಾದ್ದರಿಂದ ಹುಡುಕಿದರು. ಕಬ್ಬಿಣದ ಮೊಳೆಯಾಗಿದ್ದರೆ?

ಲಕ್ಷ್ಮಿ ಯಾರ ಹಸು?

ನಿಮ್ಮ ಪತ್ರದಲ್ಲಿ ಇಲ್ಲದ ಪ್ರಶ್ನೆ ಇದು. ಆದರೆ ನನಗೆ ಇದೇ ಮುಖ್ಯ ಅನಿಸುತ್ತದೆ.

ಐದಾರು ವರ್ಷ ದಿನಾ ಏಳಕ್ಕೆ ಸರಿಯಾಗಿ ಬರುತ್ತಿತ್ತು ಅಂದಿರಿ. ಏಳಕ್ಕೇ ಯಾಕೆ? ಬಹಳ ಸಲ ಕಾರಣ ಸರಳ. ಬೆಳಿಗ್ಗೆ ಐದೂವರೆಗೆ ಹಾಲು ಕರೆದು ಹಗ್ಗ ಬಿಚ್ಚಿರುತ್ತಾರೆ. ಸಂಜೆ ಕರೆಯುವ ಹೊತ್ತಿಗೆ ಅದೇ ವಾಪಸ್ ಹೋಗುತ್ತದೆ. ಮೈಸೂರು, ಬೆಂಗಳೂರಿನ ಹೊಸ ಬಡಾವಣೆಗಳ ನಡುವೆ ಹಳೆಯ ಹಳ್ಳಿಗಳು ಸಿಕ್ಕಿಕೊಂಡಿವೆ. ಮನೆ ಉಳಿದಿದೆ, ಕೊಟ್ಟಿಗೆ ಉಳಿದಿದೆ, ಗೋಮಾಳ ಹೋಗಿದೆ. ನೂರು ದನಕ್ಕೆ 30 ಎಕರೆ ಗೋಮಾಳ ಇರಬೇಕು ಅನ್ನುವುದು ನಮ್ಮ ಕಂದಾಯ ನಿಯಮದಲ್ಲಿರುವ ಲೆಕ್ಕ. ಆ 30 ಎಕರೆಯ ಮೇಲೆ ಈಗ ನಾವು ನೀವು ಸೈಟು ತೆಗೆದುಕೊಂಡು ಮನೆ ಕಟ್ಟಿದ್ದೇವೆ. ಹಸು ಅಲ್ಲಿಗೇ ಮೇಯಲು ಬರುತ್ತದೆ, ಅದರ ಲೆಕ್ಕದಲ್ಲಿ ನಾವೇ ಒತ್ತುವರಿದಾರರು.

ಕಿವಿ ನೋಡಿ. ಹಳದಿ ಬಿಲ್ಲೆ ಇದ್ದರೆ ಅದರಲ್ಲಿ 12 ಅಂಕಿಯ ನಂಬರ್ ಇರುತ್ತದೆ, ಹಸುವಿನ ಆಧಾರ್ ಅನ್ನಿ. ಹತ್ತಿರದ ಪಶು ಆಸ್ಪತ್ರೆಯಲ್ಲಿ ಆ ನಂಬರ್ ಕೊಟ್ಟರೆ ಮಾಲೀಕ ಯಾರು, ಲಸಿಕೆ ಯಾವಾಗ ಆಗಿದೆ ಎಲ್ಲ ನೋಡಿ ಹೇಳಲು ಸಾಧ್ಯ. ಬಿಲ್ಲೆ ಇಲ್ಲದಿದ್ದರೆ ಒಂದು ಸಂಜೆ ಅದರ ಹಿಂದೆ ನಡೆದು ಹೋಗಿ. ನಾನು ಹೀಗೆ ಎಷ್ಟೋ ಸಲ ಹೋಗಿದ್ದೇನೆ. ದಾರಿ ತಪ್ಪದೆ ಮಾಲೀಕನ ಬಾಗಿಲಿಗೇ ಕರೆದುಕೊಂಡು ಹೋಗುತ್ತವೆ.

ನಿಜವಾಗಿಯೂ ಯಾರೂ ಇಲ್ಲದ ದನಗಳೂ ಇವೆ. 2019ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ 50 ಲಕ್ಷಕ್ಕೂ ಸ್ವಲ್ಪ ಜಾಸ್ತಿ ಬೀಡಾಡಿ ದನ ಇದ್ದವು. ಅವುಗಳಲ್ಲಿ ಹರಕೆಗೆ ಬಿಟ್ಟ ದೇವರ ಬಸವಗಳೂ ಇರುತ್ತವೆ. ಆದರೆ ಈಗ ನಾನು ಬೀದಿಯಲ್ಲಿ ಜಾಸ್ತಿ ಕಾಣುತ್ತಿರುವುದು ಎರಡು ಬಗೆ: ಹಾಲು ಬತ್ತಿದ ಗೊಡ್ಡು ಹಸು, ಸೀಮೆ ತಳಿಯ ಗಂಡು ಕರು. ಹಳ್ಳಿಕಾರ್ ಹೋರಿ ಕರು ಹುಟ್ಟಿದರೆ ರೈತ ಈಗಲೂ ಖುಷಿಪಡುತ್ತಾನೆ, ಜಾತ್ರೆಯಲ್ಲಿ ಬೆಲೆಯಿದೆ. ಸೀಮೆ ಹಸುವಿನ ಗಂಡು ಕರುವಿಗೆ ಹಿಣಿಲಿಲ್ಲ, ಬಿಸಿಲು ತಡೆಯುವುದಿಲ್ಲ, ಉಳುವುದಕ್ಕೆ ಟ್ರ್ಯಾಕ್ಟರ್ ಇದೆ. ಮೊದಲು ಅವನ್ನು ಮಾರುತ್ತಿದ್ದರು. ಅವು ಎಲ್ಲಿಗೆ ಹೋಗುತ್ತಿದ್ದವು ಅಂತ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. 2021ರಿಂದ ಹೊಸ ಗೋಹತ್ಯೆ ನಿಷೇಧ ಕಾನೂನು ಬಂದ ಮೇಲೆ ಆ ದಾರಿ ಮುಚ್ಚಿತು. ಕಾನೂನು ಸರಿಯೋ ತಪ್ಪೋ ಅನ್ನುವ ವಾದಕ್ಕೆ ನಾನು ಇಳಿಯುವುದಿಲ್ಲ. ಆದರೆ ಸಾಕುವ ಖರ್ಚನ್ನು ಯಾರು ಹೊರಬೇಕು ಅನ್ನುವುದಕ್ಕೆ ಉತ್ತರ ಸಿಗಲಿಲ್ಲ. ಎರಡು ಹಸುವಿನವನ ಕೈಯಲ್ಲಿ ಆಗುವುದಿಲ್ಲ. ರಾತ್ರಿ ಹೊತ್ತು ಪಕ್ಕದ ಊರಿನಲ್ಲಿ ಬಿಟ್ಟು ಬರುತ್ತಾನೆ.

ಹಾಗೆ ಬಿಡುವುದು ಅಪರಾಧ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಎರಡು ಕಾಫಿ ಕುಡಿದರೆ ಇದಕ್ಕಿಂತ ಜಾಸ್ತಿ ಆಗುತ್ತದೆ.

ಈಗ ಬರುತ್ತಿರುವ ಹಸುವಿಗೆ ಏನು ಮಾಡಬೇಕು?

ಕೊಡುವುದನ್ನು ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಹೇಳಿದರೂ ನಿಮ್ಮ ಅತ್ತೆ ಕೇಳುವುದಿಲ್ಲ. ಕೊಡುವುದನ್ನು ಬದಲಿಸಿ ಅನ್ನುತ್ತೇನೆ.

ಹುಲ್ಲು ಕೊಡಿ. ಸೀಮೆಹುಲ್ಲು, ಜೋಳದ ದಂಟು, ಒಣಹುಲ್ಲು ಯಾವುದಾದರೂ ಸರಿ. ಬಾಳೆಎಲೆ, ಬಾಳೆಹಣ್ಣಿನ ಸಿಪ್ಪೆ, ಸೊಪ್ಪಿನ ದಂಟು, ಕುಂಬಳದ ತಿರುಳು ಎಲ್ಲ ಆಗುತ್ತದೆ. ತರಕಾರಿಯನ್ನು ಸಣ್ಣಗೆ ಹೆಚ್ಚಿ. ಇಡೀ ಆಲೂಗಡ್ಡೆ, ಬೀಟ್‌ರೂಟ್, ಮಾವಿನ ಓಟೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಮೊದಲ ದೋಸೆ ಕೊಡಲೇಬೇಕು ಅಂದರೆ ಒಂದು ದೋಸೆ ಕೊಡಿ, ಏನೂ ಆಗುವುದಿಲ್ಲ. ಒಂದೇ. ಅನ್ನವಾದರೆ ಒಂದು ಹಿಡಿ. ಹಳಸಿದ್ದು, ಬೂಷ್ಟು ಹಿಡಿದಿದ್ದು ಬೇಡವೇ ಬೇಡ. ನಮಗೆ ತಿನ್ನಲಾಗದ್ದು ಹಸುವಿಗೆ ಅನ್ನುವ ರೂಢಿಯೊಂದು ನಮ್ಮಲ್ಲಿ ಸೇರಿಕೊಂಡಿದೆ, ದೇವರಿಗೆ ಹಳಸಿದ್ದನ್ನು ನೈವೇದ್ಯ ಇಡುತ್ತೇವಾ?

ಪೂಜೆಯ ಹೂವು ಹಾಕುವ ಅಭ್ಯಾಸ ಇದ್ದರೆ ಅದರಲ್ಲಿ ಕಣಗಿಲೆ ಇದೆಯಾ ನೋಡಿ. ಕಣಗಿಲೆಯ ಎಲೆ, ಹೂವು, ಕಾಂಡ ಎಲ್ಲವೂ ವಿಷ. ಹೃದಯ ನಿಲ್ಲಿಸುವ ವಿಷ. ಸ್ವಲ್ಪವೇ ಸಾಕು. ನನ್ನ ಅನುಭವದಲ್ಲಿ ಇದಕ್ಕೆ ಚಿಕಿತ್ಸೆ ಕೊಡುವಷ್ಟು ಸಮಯವೂ ಬಹಳ ಸಲ ಸಿಕ್ಕಿಲ್ಲ.

ಎಲ್ಲಕ್ಕಿಂತ ಜಾಸ್ತಿ ಬೇಕಿರುವುದು ನೀರು. ಹಳೆಯ ಮನೆಗಳ ಮುಂದೆ ಕಲ್ಲಿನ ಬಾನಿ ಇರುತ್ತಿತ್ತು, ನೆನಪಿದೆಯಾ? ಒಂದು ಅಗಲದ ಟಬ್ ಇಡಿ. ದಿನಾ ಚೆಲ್ಲಿ ಹೊಸ ನೀರು ತುಂಬಿಸಿ, ಇಲ್ಲದಿದ್ದರೆ ಡೆಂಗಿ ಸೊಳ್ಳೆ ಸಾಕಿದ ಹಾಗಾಗುತ್ತದೆ. ಮೇವು ಕೊಡುವುದು ಗೇಟಿನ ಒಳಗೆ ಅಥವಾ ಪೂರ್ತಿ ಬದಿಯಲ್ಲಿ. ತಿರುವಿನಲ್ಲಿ, ಮುಖ್ಯ ರಸ್ತೆಯಲ್ಲಿ ಹಾಕಿದರೆ ದನ ಅಲ್ಲೇ ಬೀಡುಬಿಡುತ್ತವೆ. ರಾತ್ರಿ ಬೈಕಿನವನಿಗೆ ಕಪ್ಪು ಹಸು ಕಾಣುವುದಿಲ್ಲ.

ಆಮೇಲೆ ಆ ಹಸುವಿನ ಮಾಲೀಕರನ್ನು ಹುಡುಕಿ. ಜಗಳಕ್ಕಲ್ಲ. "ನಿಮ್ಮ ಹಸು ನಮ್ಮ ಮನೆಗೆ ಬರುತ್ತೆ, ತಿಂಗಳಿಗೆ ಇಷ್ಟು ಹುಲ್ಲು ನಾವು ಕೊಡಿಸ್ತೀವಿ, ಬಿಡಬೇಡಿ" ಅಂತ ಹೇಳಿ. ನಾಲ್ಕು ಮನೆಯವರು ಸೇರಿದರೆ ಭಾರ ಅನಿಸುವುದಿಲ್ಲ. ಕೆಲವರು ಒಪ್ಪುತ್ತಾರೆ. ಕೆಲವರು ನಿಮಗೇನು ಅಂತ ಸಿಡುಕುತ್ತಾರೆ, ದಂಡ ಹಾಕಿಸಲು ಬಂದಿದ್ದೀರಿ ಅಂದುಕೊಳ್ಳುತ್ತಾರೆ. ಒಂದು ಸಲ ನನ್ನನ್ನೇ ಗೇಟಿನಿಂದ ವಾಪಸ್ ಕಳಿಸಿದ್ದರು. ಮೂರು ದಿನ ಬಿಟ್ಟು ಹಸುವಿಗೆ ಕೆಚ್ಚಲು ಬಾವು ಬಂದಾಗ ಅವರೇ ಫೋನ್ ಮಾಡಿದರು.

ಪಾಲಿಕೆಗೆ ತಿಳಿಸುವುದು ಇನ್ನೊಂದು ದಾರಿ. ಅವರು ಹಿಡಿದು ದೊಡ್ಡಿಗೆ ಹಾಕುತ್ತಾರೆ. ಮಾಲೀಕ ಬಂದು ದಂಡ ಕಟ್ಟಿ ಬಿಡಿಸಿಕೊಳ್ಳಬೇಕು. ಯಾರೂ ಬರದಿದ್ದರೆ ಸಾಮಾನ್ಯವಾಗಿ ಗೋಶಾಲೆಗೆ ಅಥವಾ ಪಿಂಜರಾಪೋಲಿಗೆ, ಅಂದರೆ ದಿಕ್ಕಿಲ್ಲದ ಪ್ರಾಣಿಗಳನ್ನು ಸಾಕುವ ಆಶ್ರಯಕ್ಕೆ, ಕಳಿಸುತ್ತಾರೆ. ಮೈಸೂರಿನಲ್ಲಿ ಪಿಂಜರಾಪೋಲ್ ಇರುವುದು ನಿಮಗೆ ಗೊತ್ತಿರಬೇಕು. ಕಸಾಯಿಖಾನೆಗೆ ಕಳಿಸುತ್ತಾರೆ ಅನ್ನುವ ಭಯಕ್ಕೆ ಆಧಾರವಿಲ್ಲ, ಈಗಿನ ಕಾನೂನಿನಲ್ಲಿ ಅದಕ್ಕೆ ಅವಕಾಶವೇ ಇಲ್ಲ. ನನ್ನ ಹಿಂಜರಿಕೆ ಬೇರೆ. ಹಾಲು ಕುಡಿಯುವ ಕರು ಜೊತೆಗಿದೆ ಅಂದಿರಿ. ಹಿಡಿಯುವ ಗಲಾಟೆಯಲ್ಲಿ ತಾಯಿ ಒಂದು ಕಡೆ, ಕರು ಒಂದು ಕಡೆ ಆಗಬಹುದು. ತಿಳಿಸುವುದಾದರೆ ಎರಡನ್ನೂ ಒಟ್ಟಿಗೆ ಒಯ್ಯಬೇಕು ಅಂತ ಒತ್ತಿ ಹೇಳಿ, ನೀವೇ ಮುಂದೆ ನಿಂತಿರಿ. ಗೋಶಾಲೆಗಳೂ ಎಲ್ಲ ಒಂದೇ ಥರ ಇರುವುದಿಲ್ಲ. ಹಣ ಕೊಡುವ ಮೊದಲು ಹೋಗಿ ನೋಡಿ. ಮೇವಿನ ದಾಸ್ತಾನು ಎಷ್ಟಿದೆ, ಡಾಕ್ಟರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ಗೋಡೆಗೆ ಒರಗಿ ಮಲಗಿದ ದನ ಎಷ್ಟಿವೆ. ಪೂಜೆಯ ಕೋಣೆ ಎಷ್ಟು ಚೆನ್ನಾಗಿದೆ ಅನ್ನುವುದು ಆಮೇಲೆ.

ಮತ್ತೆ ಹೀಗಾದರೆ

ಹಸು ಮೆಲುಕು ಹಾಕುವುದು ನಿಲ್ಲಿಸಿ ಮಂಕಾಗಿ ನಿಂತಿದ್ದರೆ, ಎಡಗಡೆ ಪಕ್ಕೆ ಉಬ್ಬಿದ್ದರೆ, ತೂರಾಡಿದರೆ ಬೆಳಗಾಗಲಿ ಅಂತ ಕಾಯಬೇಡಿ. 1962ಕ್ಕೆ ಫೋನ್ ಮಾಡಿ, ಪಶು ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನದ ನಂಬರ್ ಅದು. ಏನು ತಿಂದಿದೆ, ಎಷ್ಟು ಹೊತ್ತಾಯಿತು ಅಂತ ಮುಚ್ಚಿಡದೆ ಹೇಳಿ. ಮೊದಲ ಹತ್ತು ಹನ್ನೆರಡು ಗಂಟೆಯಲ್ಲಿ ಸಿಕ್ಕಿದರೆ ಉಳಿಸುವ ಅವಕಾಶ ಚೆನ್ನಾಗಿದೆ. ಸೋಡಾ, ಡ್ರಿಪ್, ಬೇಕಾದರೆ ಹೊಟ್ಟೆ ತೆರೆದು ಖಾಲಿ ಮಾಡಿ, ಆರೋಗ್ಯವಾಗಿರುವ ಇನ್ನೊಂದು ಹಸುವಿನ ಹೊಟ್ಟೆಯ ರಸ ತಂದು ಹಾಕುತ್ತೇವೆ. ಮೊಸರಿಗೆ ಹೆಪ್ಪು ಹಾಕಿದ ಹಾಗೆ.

ಅಷ್ಟರೊಳಗೆ ನೀವು ಮಾಡಬಹುದಾದ್ದು ಕಡಿಮೆ. ಎದೆಯ ಮೇಲೆ ಕೂತ ಭಂಗಿಯಲ್ಲಿ ಇರುವ ಹಾಗೆ ಮರಳಿನ ಚೀಲ ಒತ್ತು ಕೊಡಿ, ಪಕ್ಕಕ್ಕೆ ಅಡ್ಡ ಬೀಳಲು ಬಿಡಬೇಡಿ. ಮತ್ತೆ ತಿನ್ನಲು ಏನೂ ಇಡಬೇಡಿ, ನೀರನ್ನೂ ಬಕೆಟ್‌ಗಟ್ಟಲೆ ಕುಡಿಯಲು ಬಿಡಬೇಡಿ. ಯಾರಾದರೂ ಎಣ್ಣೆಯ ಬಾಟಲಿ ಅಥವಾ ಗೊಟ್ಟ (ದನಕ್ಕೆ ಔಷಧ ಕುಡಿಸುವ ಬಿದಿರಿನ ಕೊಳವೆ) ಹಿಡಿದುಕೊಂಡು ಬಂದರೆ ತಡೆಯಿರಿ. ಮಲಗಿದ ಹಸುವಿನ ತಲೆ ಎತ್ತಿ ಸುರಿದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆಯ ಕಾಯಿಲೆಯಿಂದ ಉಳಿದ ಹಸು ಎಣ್ಣೆಯಿಂದ ಸತ್ತದ್ದು ನೋಡಿದ್ದೇನೆ.

ಇದೊಂದನ್ನು ಮನೆಯವರಿಗೆಲ್ಲ ಹೇಳಿಡಿ. ಹಸು ಜೊಲ್ಲು ಸುರಿಸುತ್ತಾ, ವಿಚಿತ್ರವಾಗಿ ಕೂಗುತ್ತಾ, ನುಂಗಲಾಗದೆ ಒದ್ದಾಡುತ್ತಿದ್ದರೆ ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ಬಾಯಿಗೆ ಕೈ ಹಾಕಬೇಡಿ. ಹುಚ್ಚು ನಾಯಿ ಕಚ್ಚಿದ ಹಸು ಹೀಗೇ ಕಾಣುತ್ತದೆ. ರೇಬಿಸ್ ಜೊಲ್ಲಿನಿಂದ ಬರುತ್ತದೆ. ಬೀದಿ ಹಸುವಿನ ಮೂತ್ರವನ್ನು ತೀರ್ಥ ಅಂತ ಹಿಡಿದು ಕುಡಿಯುವುದೂ ಬೇಡ. ಇಲಿ ಜ್ವರದ ರೋಗಾಣು ಮೂತ್ರದಲ್ಲೇ ಬರುವುದು. ಕೈ ಮುಗಿಯಿರಿ, ಬೆನ್ನು ಸವರಿ, ಒಳಗೆ ಬಂದು ಸೋಪಿನಲ್ಲಿ ಕೈ ತೊಳೆಯಿರಿ.

ಅತ್ತೆಯವರ ಬಗ್ಗೆ. ನಾನು ವೈದ್ಯ, ಪುರೋಹಿತನಲ್ಲ. ದೋಷ ಬಂತೋ ಇಲ್ಲವೋ ಹೇಳುವ ಅಧಿಕಾರ ನನಗಿಲ್ಲ. ಆದರೆ ನನ್ನ ಅಮ್ಮನೂ ಹೀಗೇ ಮಾಡಿದ್ದರು. ನಾನು ಪಶುವೈದ್ಯ ಕಾಲೇಜಿನಲ್ಲಿ ಓದುತ್ತಿದ್ದಾಗ ಯುಗಾದಿಗೆ ಊರಿಗೆ ಹೋಗಿದ್ದೆ. ಮಿಕ್ಕ ಹೂರಣವನ್ನೆಲ್ಲ ನಮ್ಮ ಕರಾವಿನ ಹಸುವಿಗೆ ಇಟ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ. ಪುಸ್ತಕದಲ್ಲಿ ಓದಿದ್ದೆ, ಬಾಯಿ ಬಿಡಲಿಲ್ಲ, ಹಬ್ಬದ ದಿನ ಯಾಕೆ ಅಂತ. ಹಸು ಉಳಿಯಲಿಲ್ಲ. ಅಮ್ಮ ಆಮೇಲೂ ಇಪ್ಪತ್ತು ವರ್ಷ ಹಸು ಸಾಕಿದರು, ಒಂದಕ್ಕೂ ಹೂರಣ ಮುಟ್ಟಿಸಲಿಲ್ಲ. ಇದನ್ನು ಅತ್ತೆಯವರಿಗೆ ಓದಿ ಹೇಳಿ.

ಮುಂದಿನ ಅಮಾವಾಸ್ಯೆಗೆ ಅವರ ಕೈಯಲ್ಲಿ ಅಗಸೆ ಮರದ ಸೊಪ್ಪು ಕೊಡಿಸಿ. ಹಿರಿಯರ ಹೆಸರಿನಲ್ಲಿ ಹಸುವಿಗೆ ಅಗಸೆ ಸೊಪ್ಪು ಕೊಡುವ ಪದ್ಧತಿ ತಮಿಳರಲ್ಲಿ ಹಿಂದಿನಿಂದ ಇದೆ, ನಮ್ಮ ಕಡೆಯೂ ದೇವಸ್ಥಾನಗಳ ಮುಂದೆ ಕಟ್ಟು ಮಾರುವವರು ಸಿಗುತ್ತಾರೆ. ಮೇವಿನ ಲೆಕ್ಕದಲ್ಲೂ ಒಳ್ಳೆಯ ಸೊಪ್ಪು, ಪ್ರೋಟೀನ್ ಜಾಸ್ತಿ. ಒಂದು ಕಟ್ಟು ಸಾಕು, ಮೊದಲು ಸ್ವಲ್ಪ ಒಣಹುಲ್ಲು ತಿನ್ನಿಸಿ. ಪಕ್ಕದ ಮನೆಯವರಿಗೂ ಹೇಳಿ, ಇಲ್ಲದಿದ್ದರೆ ಅದೂ ಇಪ್ಪತ್ತು ಕಟ್ಟು ಆಗಿಬಿಡುತ್ತದೆ.

ಹೊಸ ಹಸುವಿನ ಜೊತೆ ಬರುತ್ತಿರುವ ಕರು ಗಂಡೋ ಹೆಣ್ಣೋ ನೀವು ಬರೆದಿಲ್ಲ. ನಾಳೆ ಬೆಳಿಗ್ಗೆ ನೋಡಿ. ಹೆಣ್ಣಾದರೆ ಮಾಲೀಕ ಹೇಗಿದ್ದರೂ ಸಂಜೆ ಹುಡುಕಿಕೊಂಡು ಬರುತ್ತಾನೆ. ಗಂಡಾದರೆ, ಅದರಲ್ಲೂ ಸೀಮೆ ತಳಿಯದಾದರೆ, ಈ ವಾರವೇ ಅವರ ಮನೆ ಹುಡುಕಿಕೊಂಡು ಹೋಗಿ.